ಇನ್ನೊಂದು ಕಿವಿ

“ಊದಬ್ಯಾಡ್ರೀ!”

ಮೆಟ್ರಿ ಊರಾಚೆಯ ಅಗೆತದ ಗುಂಡಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು, ತಲೆಬುರುಡೆಯ ಮೇಲಿನ ಧೂಳನ್ನು ಬಾಯಿಂದ ಊದುತ್ತಿದ್ದ ದುರುಗೇಶ್ ಬೆಚ್ಚಿ ತಲೆಯೆತ್ತಿದ. ಮೈತುಂಬ ಬಿಳಿ ಸೂಟು, ಮೂಗು ಬಾಯಿಗೆ ಮಾಸ್ಕ್ ಹಾಕಿದ್ದ ಹುಡುಗಿಯೊಬ್ಬಳು ಗುಂಡಿಯ ಅಂಚಿನಲ್ಲಿ ನಿಂತಿದ್ದಳು. ಕಾಣುತ್ತಿದ್ದದ್ದು ಕಣ್ಣು ಮಾತ್ರ. ಆ ಕಣ್ಣುಗಳಿಗೆ ಚೆನ್ನಾಗಿಯೇ ಸಿಟ್ಟು ಬಂದಿತ್ತು.

“ಯಾರ್ರಿ ನೀವು? ಕೊರೊನಾ ಹೋಗಿ ಭಾಳ ದಿನ ಆತು,” ಎಂದ.

“ಪೂಜಿತಾ. ಡಿಎನ್‌ಎ ಸ್ಯಾಂಪಲ್ ತಗೊಳಾಕ ಹೈದರಾಬಾದ್ ಲ್ಯಾಬಿಂದ ಬಂದೀನಿ. ನೀವು ಊದಿದ್ರ ಎಲುಬಿನ ಮ್ಯಾಲೆ ನಿಮ್ಮ ಉಗುಳು ಬೀಳತೈತಿ. ಆಮ್ಯಾಲೆ ನಾವು ಓದೋದು ಈಕಿ ಕಥಿನೋ, ನಿಮ್ಮ ಕಥಿನೋ?”

ಮಾತು ಕಂಪ್ಲಿಯದು. ವಿಚಾರಿಸಿದರೆ ಅಲ್ಲಿಯ ರೈಸ್ ಮಿಲ್ ಚನ್ನಯ್ಯನವರ ಮಗಳೇ.

ಮಣ್ಣಿನಲ್ಲಿ ಮಲಗಿದ್ದವಳು ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಹೆಂಗಸು, ದನ ಮೇಯಿಸಿ ಬದುಕುತ್ತಿದ್ದ ಜನರವಳು. ಗಾದಿಗನೂರಿನ ದುರುಗೇಶ್ ಈ ಪುರಾತತ್ವ ಅಗೆತದ ಮುಖ್ಯಸ್ಥ. ತಾಯಿ ದುರ್ಗಕ್ಕ ಗದ್ದೆ ಕೂಲಿ ಮಾಡಿ ಓದಿಸಿದ ಮಗ. ಬಿಸಿಲಲ್ಲಿ ಬೆಂದು ಅಗೆದಿದ್ದಕ್ಕೆ ಸಿಕ್ಕಿದ್ದ ಪೂರ್ತಿ ಅಸ್ಥಿಪಂಜರ ಇದೊಂದೇ. ಒಳಗಿವಿಯ ಸುತ್ತಲಿನ ಗಟ್ಟಿ ಎಲುಬನ್ನು ಕೊರೆದು ಪುಡಿ ಮಾಡಬೇಕು ಎಂದು ಪೂಜಿತಾ ಹೇಳಿದಾಗ ಅವನ ಮುಖ ಕಪ್ಪಿಟ್ಟಿತು.

“ಪುಡಿ ಮಾಡಿದ್ದು ಹೊಳ್ಳಿ ಬರತೈತೇನ್ರಿ?”

“ಬರಂಗಿಲ್ಲ. ಆದರ ಈಕಿ ಹಿಂದಿನವರು ಎಲ್ಲಿಂದಲೋ ಬಂದರೋ, ಮೊದಲಿಂದ ಇಲ್ಲೇ ಇದ್ದರೋ, ಮಡಿಕಿ ಚೂರು ಅದನ್ನ ಹೇಳಂಗಿಲ್ಲ. ಎಲುಬು ಹೇಳಿದ್ರೂ ಹೇಳಬಹುದು.”

ಒಂದು ರಾತ್ರಿ ಯೋಚಿಸಿ ಅವನು ಒಪ್ಪಿದ.

ಮರುದಿನ ಅವಳು ಹತ್ತಿ ಸುತ್ತಿದ ಕಡ್ಡಿ ಹಿಡಿದು ಬಂದಳು. “ಬಾಯಿ ತೆಗೀರಿ. ಎಲುಬು ಮುಟ್ಟಿದವರ ಎಲ್ಲಾರ ಡಿಎನ್‌ಎನೂ ಬೇಕು. ಆಮ್ಯಾಲೆ ಹೋಲಿಸಿ ನೋಡಬೇಕಲ್ಲ.”

ಅವನು ಡಾಕ್ಟರ ಮುಂದೆ ಕುಳಿತ ಮಗುವಿನಂತೆ ಬಾಯಿ ತೆರೆದ. ಅವಳ ಕಣ್ಣು ಗೇಣು ದೂರದಲ್ಲಿತ್ತು. ರೆಪ್ಪೆಯ ಮೇಲೆ ಕೆಂಪು ಧೂಳು ಕೂತಿತ್ತು. ಕೆನ್ನೆಯೊಳಗೆ ಕಡ್ಡಿ ತಿರುಗುವಾಗ ಆ ಕಣ್ಣಂಚು ಸ್ವಲ್ಪ ಕಿರಿದಾಯಿತು. ಮಾಸ್ಕಿನ ಹಿಂದೆ ನಗುತ್ತಿದ್ದಾಳೆ ಎಂದು ಗೊತ್ತಾಗಿ ಅವನ ಕಿವಿ ಬಿಸಿಯಾಯಿತು.

ಸಂಜೆ ಬಾಳೆತೋಟದ ಕಾಲುವೆಯಲ್ಲಿ ಮುಖ ತೊಳೆಯಲು ಅವಳು ಮಾಸ್ಕ್ ತೆಗೆದಳು. ಅವನು ಏನೋ ಹೇಳುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ.

“ಮುಂದ ಹೇಳ್ರಿ,” ಎಂದಳು.

“ಮರತೆ,” ಎಂದ. ನಿಜವಾಗಿಯೂ ಮರೆತಿದ್ದ.

ಅವಳು ಒಂದು ಕಿವಿಯ ಎಲುಬು ತೆಗೆದುಕೊಂಡು ಹೈದರಾಬಾದಿಗೆ ಹೋದಮೇಲೆ ಫೋನು ಶುರುವಾಯಿತು. ಮೊದಮೊದಲು ಮಣ್ಣಿನ ಆಳ, ತೇವದ ಲೆಕ್ಕ ಕೇಳುತ್ತಿದ್ದಳು. ಆಮೇಲೆ ಊಟ ಆತೇನ್ರಿ ಎಂದು. ಒಂದು ವಾರ ಫೋನೇ ಬರಲಿಲ್ಲ. ಎಂಟನೇ ದಿನ ಅವಳೇ ಗುಂಡಿಯ ಹತ್ತಿರ ಬಂದು ನಿಂತಿದ್ದಳು.

“ಡಿಎನ್‌ಎ ಸಿಕ್ಕಿತ್ತು. ಭಾಳ ಚಲೋ ಸಿಕ್ಕಿತ್ತು. ಅಷ್ಟು ಹಳೇದು ಅಷ್ಟು ಚಲೋ ಇರಂಗಿಲ್ಲ ಅಂತ ಸಂಶಯ ಬಂತು, ಹೋಲಿಸಿ ನೋಡಿದೆ. ಅದು ನಿಮ್ಮದು.”

ದುರುಗೇಶ್ ಮಣ್ಣಿನ ಮೇಲೆ ಕುಸಿದು ಕುಳಿತ. “ನಾನು ಊದಿದ್ದಕ್ಕ ಆಕಿ ಎಲುಬು ಸುಮ್ಮನ ಪುಡಿ ಆಗಿಹೋತು.”

ಅವಳು ಬೈಯಲಿಲ್ಲ. ಪಕ್ಕದಲ್ಲಿ ಬಂದು ಕುಳಿತಳು. “ಬುರುಡಿ ಬಲಕ್ಕ ಹೊರಳೈತಿ. ಇನ್ನೊಂದು ಕಿವಿ ಮಣ್ಣಾಗೇ ಐತಲ್ರಿ. ಅದನ್ನ ಯಾರೂ ಮುಟ್ಟಿಲ್ಲ.”

ಈ ಸಲ ಇಬ್ಬರೂ ಸೂಟು ತೊಟ್ಟು ಇಳಿದರು. ಎಲುಬಿನ ಮೇಲೆ ಮಾತಾಡುವಂತಿಲ್ಲ. ಬಿಸಿಲಿಗೆ ಸೂಟಿನೊಳಗೆ ಬೆವರಿಳಿಯುತ್ತಿತ್ತು. ಬ್ರಷ್ ಬೇಕಾದರೆ ಅವಳು ಕಣ್ಣಲ್ಲೇ ಕೇಳುತ್ತಿದ್ದಳು, ಅವನು ಕೊಡುತ್ತಿದ್ದ. ಬರಬರುತ್ತ ಏನೂ ಬೇಕಿಲ್ಲದಾಗಲೂ ನೋಡುತ್ತಿದ್ದಳು. ಕೊಡಲು ಏನೂ ಇಲ್ಲದೆ ಅವನೂ ನೋಡುತ್ತಿದ್ದ. ಎರಡನೇ ಕಿವಿಯ ಎಲುಬು ಕೈಗೆ ಬಂದಾಗ ಅದನ್ನು ಅವಳ ಅಂಗೈಗೆ ಇಳಿಸಿದ. ಗ್ಲೌಸು ತೊಟ್ಟ ಬೆರಳುಗಳು ಅಲ್ಲೇ ತುಸು ಹೊತ್ತು ಉಳಿದವು.

ಮಳೆ ಶುರುವಾಗಿ, ಗುಂಡಿಗೆ ತಾಡಪಾಲು ಹೊದಿಸಿದ ಮೇಲೆ ಅವಳು ಮತ್ತೆ ಬಂದಳು.

“ಇದರಾಗೂ ಓದುವಷ್ಟು ಏನೂ ಉಳಿದಿಲ್ರಿ. ನಮ್ಮ ಬಿಸಿಲು ಎಲ್ಲಾ ತಿಂದೈತಿ.”

ಅವನು ತಾಡಪಾಲಿನ ಮೇಲೆ ನಿಂತಿದ್ದ ನೀರನ್ನು ಕೋಲಿನಿಂದ ತಳ್ಳಿ ಚೆಲ್ಲಿದ. “ಇದನ್ನ ಫೋನಾಗ ಹೇಳಬಹುದಿತ್ತಲ್ರಿ. ಇನ್ನ ನಿಮಗ ಇಲ್ಲಿ ಕೆಲಸ ಇಲ್ಲ.”

“ಇಲ್ಲ. ಕೆಲಸ ಇಲ್ಲದಾಗ ಒಮ್ಮೆ ಬರಬೇಕಂತ ಇತ್ತು.”

“ಪೂಜಿತಾ, ನೀವಂದ್ರ ನನಗ ಭಾಳ ಇಷ್ಟ. ಆದರ ನಾನು ಯಾವ ಕೇರಿಯಾಂವ ಅಂತ ನಿಮಗ ಗೊತ್ತೈತಿ.”

“ನಿಮ್ಮ ಡಿಎನ್‌ಎ ಓದೀನಿ,” ಎಂದಳು. “ಅದರಾಗ ಕೇರಿ ಎಲ್ಲೂ ಕಾಣಲಿಲ್ಲ.”

“ನಿಮ್ಮ ಅಪ್ಪಾರಿಗೆ ಕಾಣತೈತಿ.”

ಅವಳ ಮುಖದ ನಗು ಇಳಿಯಿತು. ಅವಳಿಗೂ ಆ ಹೆದರಿಕೆ ಇರದೆ ಇರಲಿಲ್ಲ. ದುಪಟ್ಟಾ ಬಿಗಿದು ಕಟ್ಟಿಕೊಂಡು ಅವನ ಬೈಕಿನ ಹತ್ತಿರ ನಡೆದಳು. “ನಡೀರಿ, ಕಂಪ್ಲಿಗೆ ಹೋಗಿ ಕೇಳೇಬಿಡೋಣ.”

ಮಿಲ್ಲಿನಲ್ಲಿ ಯಂತ್ರ ಗಡಗಡ ಓಡುತ್ತಿತ್ತು. ಹಣೆಯ ವಿಭೂತಿಯ ಮೇಲೂ ತೌಡು ಕೂತಿದ್ದ ಚನ್ನಯ್ಯ ಮಗಳನ್ನು ನೋಡಿದರು, ಆಮೇಲೆ ಅವನನ್ನು.

“ಯಾರಮ್ಮ ಇವರು?”

“ದುರುಗೇಶ್ ಅಂತ, ಅಪ್ಪಾಜಿ. ಗಾದಿಗನೂರಿನವರು. ನಾನು ಇವರನ್ನ ಮದುವಿ ಆಗಬೇಕಂತ ಮಾಡೀನಿ.”

“ಯಾರ ಪೈಕಿ?”

ದುರುಗೇಶ್ ತಾನೇ ಹೇಳಿದ, ದನಿ ತಗ್ಗಿಸದೆ. ಚನ್ನಯ್ಯನವರ ದವಡೆ ಬಿಗಿಯಿತು. ಪೂಜಿತಾ ಕುರ್ಚಿ ಎಳೆದು “ಕುಂದ್ರಿ” ಎಂದಳು. ಅವನು ಕುಳಿತ. ಅವಳು ಅಪ್ಪನತ್ತ ತಿರುಗಿ ಮಾತಾಡತೊಡಗಿದಳು; ಯಂತ್ರದ ಗದ್ದಲದಲ್ಲಿ ಅವಳ ತುಟಿ ಅಲುಗುವುದಷ್ಟೇ ಕಂಡಿತು.

ಚನ್ನಯ್ಯ ಕೈಯೆತ್ತಿ ಕೆಲಸದವನನ್ನು ಕೂಗಿದರು. “ಏ, ಮಷಿನ್ ಬಂದ್ ಮಾಡಲೇ. ಮಗಳ ಮಾತು ಕೇಳಸವಲ್ಲದು.”