ಒಂದೇ ಸಲದ ರೇಡಿಯೇಷನ್

"ಮೇಡಂ, ಹಾರಬೇಡಿ! ಅಲ್ಲೇ ನಿಲ್ಲಿ!"

ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಆಸ್ಪತ್ರೆಯ ಲಿಫ್ಟ್. ಬಾಗಿಲನ್ನು ಅರ್ಧ ತೆರೆದು ಕೂಗಿದ್ದು ಮೆಕ್ಯಾನಿಕ್. ಒಳಗೆ ಕೋಲೂರಿ ನಿಂತಿದ್ದವಳು ಟೈಲರ್.

"ಹಾರೋದಾ? ನನಗೆ ನಡೆಯೋಕೇ ಆಗಲ್ಲ! ಸೊಂಟದ ಮೂಳೆಗೆ ಕ್ಯಾನ್ಸರ್ ಹರಡಿದೆ… ಕೆಳಗೆ ಸ್ಕ್ಯಾನ್‌ಗೆ ಕಾಯ್ತಿದಾರೆ."

ಅವನ ಮುಖ ಸಪ್ಪಗಾಯ್ತು. ಲಿಫ್ಟನ್ನು ನೆಲದ ಮಟ್ಟಕ್ಕೆ ಇಳಿಸಿ ಕೈ ಚಾಚಿದ. ಗ್ರೀಸ್ ಮೆತ್ತಿದ ಆ ಕೈ ಹಿಡಿದವಳಿಗೆ ಬಿಡೋದೇ ಮರೆತುಹೋಯ್ತು!

ಮರುದಿನವೇ ಅವನು ವಿಳಾಸ ಹುಡುಕಿಕೊಂಡು ಅವಳ ಹೊಲಿಗೆ ಅಂಗಡಿಯಲ್ಲಿ ಹಾಜರ್.

"ಟೈಲರಮ್ಮ, ಈ ಶರ್ಟಿನ ತೋಳು ಸ್ವಲ್ಪ ಚಿಕ್ಕದು ಮಾಡಬೇಕಿತ್ತು."

ಆಮೇಲೆ ಇನ್ನೊಂದು ಶರ್ಟು. ಮತ್ತೊಂದು. ಶರ್ಟೆಲ್ಲ ಮುಗಿದು ಕೊನೆಗೆ ದಿಂಬಿನ ಕವರ್ ತಂದಾಗ ಅವಳ ಅಕ್ಕನಿಗೂ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ರೇಡಿಯೇಷನ್ ದಿನ ಬಂತು. ಗಟ್ಟಿ ಹಾಸಿಗೆಯ ಮೇಲೆ ಅಲುಗಾಡದೆ ಮಲಗಿದಳು. ಮೆಷಿನ್ ಸುತ್ತಿತು. ಏನೂ ಗೊತ್ತಾಗಲಿಲ್ಲ.

"ಆಯ್ತಮ್ಮ. ಒಂದೇ ಸಲ ಸಾಕು," ಅಂದ್ರು ಡಾಕ್ಟರ್.

ಒಂದೇ ಸಲಾನಾ? ಹಿಂದೆ ಸ್ತನದ ಕ್ಯಾನ್ಸರ್‌ಗೆ ವಾರಗಟ್ಟಲೆ ಕೊಟ್ಟಿದ್ರಲ್ಲ! ಹಾಗಾದ್ರೆ… ನನ್ನ ಕೈಬಿಟ್ರಾ? ಡಾಕ್ಟರನ್ನು ಕೇಳದೆಯೇ ಮನೆಗೆ ಹೊರಟಳು.

ಮರುದಿನ ನೋವು ಇನ್ನೂ ಕೆರಳಿತು. ಅವನು ನಗುತ್ತಾ ಅಂಗಡಿಯೊಳಗೆ ಕಾಲಿಟ್ಟಾಗ ಅವಳಿಗೆ ಎಲ್ಲಿಲ್ಲದ ಸಿಟ್ಟು.

"ಸಾಯೋಳ ಮೇಲೆ ಅಯ್ಯೋ ಪಾಪ ಅಂತ ಬರ್ತೀರಾ? ಇನ್ಮೇಲೆ ಬರಬೇಡಿ!"

ಅವನು ತಲೆ ತಗ್ಗಿಸಿ ಹೊರಟುಹೋದ. ಹೋಗು ಅಂದವಳೂ ನಾನೇ… ಅಳ್ತಿರೋಳೂ ನಾನೇ. ನನಗೇನಾಗಿದೆ?

ಅಕ್ಕ ಸುಮ್ಮನಿರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಬಂದು ಪಕ್ಕ ಕೂತಳು.

"ಮೂಳೆ ನೋವಿಗೆ ಎಷ್ಟೋ ಜನಕ್ಕೆ ಒಂದೇ ಸಲ ಸಾಕಾಗುತ್ತಂತೆ ಕಣೇ. ಮೊದಲು ನೋವು ಜಾಸ್ತಿಯಾಗಿ ಆಮೇಲೆ ಇಳಿಯಬಹುದಂತೆ. ಯಾರೂ ನಿನ್ನ ಕೈಬಿಟ್ಟಿಲ್ಲ. ಆದ್ರೆ… ರೋಗ ಪೂರ್ತಿ ಹೋಗಲ್ಲ."

ಇದು ಸಿಹಿ ಸುದ್ದಿಯೋ ಕಹಿ ಸುದ್ದಿಯೋ? ಅವಳಿಗೆ ತಿಳಿಯಲಿಲ್ಲ.

ಕೆಲವು ವಾರಗಳಲ್ಲಿ ನೋವು ನಿಜವಾಗಿಯೂ ಇಳಿಯಿತು. ಒಂದು ಸಂಜೆ ಅಕ್ಕನಿಗೂ ಹೇಳದೆ, ಅವನು ಸಂಜೆ ಹೊತ್ತು ಕೂರುತ್ತಿದ್ದ ಬೀದಿ ಕೊನೆಯ ಟೀ ಅಂಗಡಿಯವರೆಗೆ ಮೆಲ್ಲಗೆ ನಡೆದಳು. ಬೆಂಚಿನ ಮೇಲೆ ಅವನು ಒಬ್ಬನೇ ಕೂತಿದ್ದ. ಅವಳನ್ನು ಕಂಡು ದಡಕ್ಕನೆ ಎದ್ದ.

"ಕರುಣೆಯಿಂದ ಬರ್ತಿದ್ರಾ? ನಿಜ ಹೇಳಿ."

"ಮೊದಲನೇ ದಿನ ಪಾಪ ಅನ್ನಿಸಿದ್ದು ನಿಜ," ಅಂದ ಅವನು. "ಆಮೇಲೆ… ನೀವು ಬೈದ್ರೂ ಕೇಳ್ತಾ ಕೂರೋಣ ಅನ್ನಿಸ್ತು. ಇದಕ್ಕೆ ಕರುಣೆ ಅಂತಾರಾ?"

ಅವಳ ಕಣ್ಣು ತುಂಬಿತು.

"ನಾನು ಎಷ್ಟು ದಿನ ಇರ್ತೀನೋ ಗೊತ್ತಿಲ್ಲ. ನೋವು ಹೋಗಿದೆ, ಕಾಯಿಲೆ ಹೋಗಿಲ್ಲ. ಖುಷಿಪಡಬೇಕೋ ಅಳಬೇಕೋ ಅದೂ ಗೊತ್ತಿಲ್ಲ. ನೀವು ಬೇಕು ಅನ್ನೋದಷ್ಟೇ ಗೊತ್ತು!"

ಅವನು ಕೈಯಿಂದಲೇ ಬೆಂಚು ಒರೆಸಿದ.

"ನಿಂತೇ ಇದ್ದೀಯಲ್ಲ… ಮೊದಲು ಕೂತ್ಕೋ."

ಅವಳು ಕಣ್ಣೊರೆಸಿಕೊಂಡು ದಿಟ್ಟಿಸಿದಳು. "ಏನಂದ್ರಿ? 'ನೀವು' ಹೋಗಿ 'ನೀನು' ಆಯ್ತಾ?"

"ಅಯ್ಯೋ… ಬಾಯಿತಪ್ಪಿ ಬಂತು. ಬೇಜಾರಾಯ್ತಾ?"

"ಇಲ್ಲ," ಅಂದಳು, ಅವನ ಪಕ್ಕ ಕೂರುತ್ತಾ. "ಇನ್ನೊಂದು ಸಲ ಹಾಗೇ ಕರಿ."