ಇಪ್ಪತ್ತು ನಿಮಿಷಕ್ಕೊಂದು ಬೆಲ್

"ಈ ವಿಡಿಯೋ ತೆಗೆದಿದ್ದು ನೀನೇ ತಾನೇ?"

ಸೈಕಲ್ ರಿಪೇರಿಯವನು ಪಂಕ್ಚರ್ ಹಾಕುತ್ತಿದ್ದ ಟ್ಯೂಬಿನಿಂದ ತಲೆ ಎತ್ತಿದ. ಎದುರಿನ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿ! ಬಿಳಿ ಕೋಟು, ಕೆಂಡದಂಥ ಕಣ್ಣು, ಮುಂದೆ ಚಾಚಿದ ಫೋನು.

ಅದರಲ್ಲಿ ಅವಳು ಒಬ್ಬ ವಯಸ್ಸಾದವರ ಮೇಲೆ ಕೂಗಾಡುತ್ತಿದ್ದಳು: "ಕಣ್ಣು ಕಾಣಲ್ಲ ನಿಮಗೆ! ಸುಮ್ನೆ ಮನೇಲಿ ಬಿದ್ದಿರಿ!" ಹನ್ನೊಂದು ಸೆಕೆಂಡು, ಅಷ್ಟೇ. ಕೆಳಗೆ 'ಕನ್ನಡಕದಂಗಡಿ ಗಯ್ಯಾಳಿ' ಅಂತ ಹೆಸರು. ನೋಡಿದವರು ಎರಡು ಲಕ್ಷ!

"ಹೂಂ ಮೇಡಂ... ನನ್ನ ಅಂಗಡಿ ಹೊಸದು, ನಾಲ್ಕು ಜನ ನೋಡಿ ನಕ್ಕು ಈ ಕಡೆ ಬರಲಿ ಅಂತ..."

"ಅವರು ನನ್ನ ಸೋದರಮಾವ ಕಣಯ್ಯಾ! ಸ್ಕೂಲ್ ವ್ಯಾನ್ ಓಡಿಸ್ತಾರೆ. ಗೋಡೆ ಮೇಲಿನ ದೊಡ್ಡಕ್ಷರವೇ ಕಾಣಲ್ಲ, ಆದ್ರೂ ಸ್ಟೀರಿಂಗ್ ಬಿಡಲ್ಲ ಅಂದ್ರು. ಬೈಯದೆ ಮುದ್ದು ಮಾಡ್ಬೇಕಿತ್ತಾ? ಹದಿನಾಲ್ಕು ಮಕ್ಕಳು ಕೂರ್ತವೆ ಆ ವ್ಯಾನಲ್ಲಿ!"

ಅವನ ಕೈಯಿಂದ ಟ್ಯೂಬು ಜಾರಿತು. ಅಲ್ಲೇ ವಿಡಿಯೋ ಅಳಿಸಿದ.

ಏನು ಬಂತು? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಷ್ಟರಲ್ಲಿ ಅದು ಊರವರ ಫೋನಿಗೆಲ್ಲ ಹಬ್ಬಿತ್ತು.

'ಇವಳನ್ನ ಯಾವನು ಕಟ್ಕೋತಾನೋ!' 'ಕೆಲಸದಿಂದ ಕಿತ್ತುಹಾಕಿ!' ಗುರುತು ಪರಿಚಯವಿಲ್ಲದ ಬಾಯಿಗಳು! ಅವಳು ಊಟಕ್ಕೆ ಕೂತರೂ ಓದಿದಳು, ಬಸ್ಸಿನಲ್ಲೂ ಓದಿದಳು. ಒಂದು ದಿನ ಯಾರದೋ ಎಡಗಣ್ಣಿನ ನಂಬರನ್ನು ಬಲಗಣ್ಣಿಗೆ ಬರೆದುಬಿಟ್ಟಳು. ಇನ್ನೊಂದು ಸಲ ಹೀಗಾದರೆ ಮನೆಗೆ ಹೋಗು ಎಂದರು ಮಾಲೀಕರು. ಅವಳು ಜೀವದಂತೆ ಪ್ರೀತಿಸುವ ಕೆಲಸ ಅದು.

"ನನ್ನ ವ್ಯಾನ್ ಕೀ ಕಿತ್ಕೊಂಡೆಯಲ್ಲಮ್ಮ," ಎಂದರು ಮಾವ, "ನಿನ್ನ ಫೋನ್ ಯಾರು ಕಿತ್ಕೊಳ್ಳೋದು?"

ಮರುದಿನ ಬೆಳಿಗ್ಗೆ ಕೌಂಟರಿನಲ್ಲಿ ಕೂತು ಆ ಕಾಮೆಂಟುಗಳನ್ನೇ ಓದುತ್ತಿದ್ದಾಗ...

ಟ್ರಿಣ್ ಟ್ರಿಣ್!

ರಸ್ತೆಯಾಚೆ ಅವನು, ಸೈಕಲ್ ಬೆಲ್ ಬಾರಿಸುತ್ತಾ!

"ಏನಿದು ಗಲಾಟೆ?" ಬಾಗಿಲಿಗೇ ಬಂದು ಕೂಗಿದಳು.

"ನಿಮ್ಮ ಬೋರ್ಡಲ್ಲೇ ಇದೆಯಲ್ಲ ಮೇಡಂ... ಇಪ್ಪತ್ತು ನಿಮಿಷಕ್ಕೊಮ್ಮೆ ಫೋನ್ ಬಿಟ್ಟು, ಇಪ್ಪತ್ತು ಸೆಕೆಂಡು ದೂರ ನೋಡಿ ಅಂತ!"

"ನಿನ್ನ ಮುಖ ನೋಡೋದಕ್ಕಿಂತ ಕಣ್ಣು ಹೋಗೋದೇ ವಾಸಿ!"

ಆದರೂ ಪ್ರತಿ ಬೆಲ್ಲಿಗೂ ತಲೆ ಎತ್ತುವಳು. ಹಲ್ಲು ಕಚ್ಚಿ ಇಪ್ಪತ್ತರವರೆಗೆ ದುರುಗುಟ್ಟಿ ನೋಡುವಳು. ಹಾಗೆ ನೋಡುವಾಗ ಕಾಮೆಂಟ್ ಓದಲು ಆಗುತ್ತದೆಯೇ? ದಿನ ಕಳೆದಂತೆ ಓದು ಕಡಿಮೆಯಾಯಿತು, ನಂಬರು ತಪ್ಪಲಿಲ್ಲ. ಮೂರನೇ ವಾರದ ಹೊತ್ತಿಗೆ ಹನ್ನೆರಡು ಸೆಕೆಂಡಿಗೇ ಕೋಪ ಮುಗಿಯತೊಡಗಿತು.

ಅಯ್ಯೋ... ಉಳಿದ ಎಂಟು ಸೆಕೆಂಡು ಏನು ಮಾಡಲಿ?

ಒಂದು ಸೋಮವಾರ ಬೆಲ್ ಕೇಳಿಸಲಿಲ್ಲ. ಅರ್ಧ ಗಂಟೆ... ಒಂದು ಗಂಟೆ... ಅವಳು ಧಡಧಡನೆ ರಸ್ತೆ ದಾಟಿದಳು.

ಅವನು ಫೋನ್ ಹಿಡಿದು ಮೂಲೆಯಲ್ಲಿ ಕುಗ್ಗಿ ಕೂತಿದ್ದ, ಕಣ್ಣು ಕೆಂಪಗೆ. ತನ್ನದೇ ಮುಖ ತೋರಿಸಿ ಎಲ್ಲ ನಿಜ ಹೇಳಿ, 'ತಪ್ಪು ನನ್ನದು' ಅಂತ ಹಿಂದಿನ ದಿನ ಇನ್ನೊಂದು ವಿಡಿಯೋ ಹಾಕಿದ್ದ. ಈಗ ಅದೇ ಬಾಯಿಗಳು ಅವನನ್ನು ಹರಿದು ತಿನ್ನುತ್ತಿದ್ದವು.

"ಬುದ್ಧಿ ಇದೆಯಾ ನಿನಗೆ?" ಫೋನ್ ಕಿತ್ತುಕೊಂಡು ಸ್ಪ್ಯಾನರ್ ಡಬ್ಬಿಗೆ ಎಸೆದಳು. ತನ್ನದನ್ನೂ ಅದರೊಳಗೇ ಹಾಕಿ ಮುಚ್ಚಳ ಹಾಕಿದಳು. "ಅಂಗಡಿ ಮುಚ್ಚೋವರೆಗೂ ಇಬ್ಬರದ್ದೂ ಇಲ್ಲೇ ಇರ್ಲಿ! ನಿಜ ಹೇಳಿದ್ದೀನಿ ಅಂತ ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕ್ಷಮಿಸಿಬಿಡ್ತಿದ್ರಿ. ಆಮೇಲೆ ಈ ಕಡೆ ನೋಡ್ತಾನೇ ಇರಲಿಲ್ಲ..." ಅವನು ತಲೆ ಎತ್ತಿ ಅವಳನ್ನೇ ನೋಡಿದ. "ನೀವಂದ್ರೆ ನನಗೆ ತುಂಬಾ ಇಷ್ಟ, ಮೇಡಂ."

ಅವಳ ಕಣ್ಣು ತುಂಬಿ ಬಂತು.

"ನನಗಿನ್ನೂ ಕೋಪ ಇದೆ!"

"ಎಷ್ಟು?"

"ಹನ್ನೆರಡು ಸೆಕೆಂಡು."

"ಆಮೇಲೆ?"

ಅವಳು ಪಕ್ಕದ ಸೈಕಲ್ಲಿನ ಬೆಲ್ ಒತ್ತಿ, ಅವನ ಎದುರಿಗೇ ಕೂತಳು.

"ಎಣಿಸು... ಗೊತ್ತಾಗುತ್ತೆ."