ಮುಂದಿನ ಚಕ್ರದ ಕೀಲೆಣ್ಣೆ

ಬಾಲವಾಡಿ ಟೀಚರ್ ಮಲ್ಲಕ್ಕ ಹೊಸದುರ್ಗದ ಬಸ್‌ಸ್ಟ್ಯಾಂಡ್ ಪಕ್ಕದ ಸೈಕಲ್ ಶಾಪಿಗೆ ಬಂದಾಗ ಅವಳ ಸೈಕಲ್ಲಿನ ಮುಂದಿನ ಚಕ್ರ ತಿರುಗುತ್ತಲೇ ಇರಲಿಲ್ಲ. ಹ್ಯಾಂಡಲ್ ಎತ್ತಿ ಹಿಡಿದು ಹಿಂದಿನ ಚಕ್ರದ ಮೇಲೆ ತಳ್ಳಿಕೊಂಡು ಬಂದಿದ್ದಳು. ಮೊಣಕೈ ತರಚಿತ್ತು, ಸೀರೆಯ ಅಂಚಿಗೆಲ್ಲ ಶ್ರೀರಾಂಪುರ ರಸ್ತೆಯ ಧೂಳು.

“ನಿಮ್ಮ ಕೆಲಸ ನೋಡ್ರಿ! ಹೋದ ವಾರ ಚಕ್ರದ ನಡುವಿನ ಹಬ್ ಬಿಚ್ಚಿ ಸರ್ವೀಸ್ ಮಾಡ್ದೋರು ನೀವೇ ತಾನೆ? ದಾರೀಲಿ ಗಕ್ಕನೆ ನಿಂತೋಯ್ತು.”

ಹಾಲಸ್ವಾಮಿ ಪಂಚರ್ ಹಾಕುತ್ತಿದ್ದ ಟ್ಯೂಬನ್ನು ಕೆಳಗಿಟ್ಟ. ಮೊದಲು ಅವಳ ಮೊಣಕೈ ನೋಡಿದ, ಆಮೇಲೆ ಸೈಕಲ್. ಅದು ಮಲ್ಲಕ್ಕನ ಕಣ್ಣಿಗೆ ಬೀಳದೆ ಇರಲಿಲ್ಲ. ಆದರೂ ಕೋಪ ಇಳಿಯಲಿಲ್ಲ.

“ಅಲ್ಲಿ ನೀರೈತೆ, ತೊಳ್ಕಳ್ರಿ ಟೀಚರೇ.”

“ಅದಿರ್ಲಿ. ನಾನು ಮತ್ತೆ ಬರ್ಲಿ ಅಂತ ಬೇಕಂತ್ಲೇ ಕೆಡಿಸಿ ಕೊಟ್ರೇನು?”

ಅವನ ಕಿವಿ ಕೆಂಪಾಯಿತು. “ನೀವು ಬರ್ಲಿ ಅನ್ನೋ ಆಸೆ ಐತೆ. ಅದಕ್ಕೆ ಚಕ್ರ ಕೆಡಿಸೋನಲ್ಲ ನಾನು.”

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವಳು ನಗುತ್ತಿದ್ದಳು. ಇವತ್ತು ನಗುವ ಹಾಗಿರಲಿಲ್ಲ. ಐಮಂಗಲದಿಂದ ಒಂದು ಸಂಬಂಧ ಬಂದಿತ್ತು. ಹೂಂ ಅಥವಾ ಊಹೂಂ, ಸಂಜೆಯೊಳಗೆ ಹೇಳು ಎಂದು ಅವ್ವ ಪಟ್ಟು ಹಿಡಿದಿದ್ದಳು. ಆ ಗಂಡು ಬೇಡ, ಸೈಕಲ್ ಶಾಪಿನ ಹಾಲಸ್ವಾಮಿ ಆಗಬಹುದು ಎಂದು ಹೇಳಲು ಮಲ್ಲಕ್ಕ ಬೆಳಗ್ಗೆಯಿಂದ ಬಾಯಿಪಾಠ ಮಾಡಿಕೊಂಡಿದ್ದಳು. ಅವನೂ ತಮ್ಮ ಜಾತಿಯವನೇ, ಕುರಿ ಸಾಕಿದ ಮನೆಯವನೇ. ಆದರೆ ಅಪ್ಪ ಸಣ್ಣಪ್ಪ, ಬೇಕಾಬಿಟ್ಟಿ ಕೆಲಸ ಮಾಡುವವನ ಕೈಗೆ ಕುರಿಮರಿಯನ್ನೂ ಕೊಡುವ ಆಸಾಮಿಯಲ್ಲ. ಅಂಥವನನ್ನು ಮಲ್ಲಕ್ಕನೂ ಕಟ್ಟಿಕೊಳ್ಳುವವಳಲ್ಲ.

ಹಾಲಸ್ವಾಮಿ ಚಕ್ರ ಬಿಚ್ಚಿ, ನಟ್ ತೆಗೆದು, ಆಕ್ಸಲ್ಲಿನ ಬಿಗಿ ಹಿಡಿಯುವ ಕೋನಿಗೆ ಸ್ಪ್ಯಾನರ್ ಹಾಕಿದ. ಮೈಭಾರ ಬಿಟ್ಟ ಮೇಲೆ ಅದು ಕದಲಿತು. ಒಳಗಿದ್ದುದನ್ನು ಬೆರಳಲ್ಲಿ ತೆಗೆದು ಮೂಸಿದ. ಆಮೇಲೆ ಅವಳಿಗೆ ಬೆನ್ನು ಮಾಡಿ ಕೂತು, ಬಟ್ಟೆಯಿಂದ ಗಡಿಬಿಡಿಯಲ್ಲಿ ಹಬ್ ಒರೆಸಿ, ಬಟ್ಟೆಯನ್ನು ಸ್ಟೂಲಿನ ಕೆಳಗೆ ತಳ್ಳಿದ.

“ತಪ್ಪು ನಂದೇ. ಕೋನ್ ಜಾಸ್ತಿ ಬಿಗಿ ಮಾಡ್ಬಿಟ್ಟೀನಿ.”

ವಾದ ಮಾಡಿಯಾನು ಎಂದು ಮಲ್ಲಕ್ಕ ಕಾದಿದ್ದಳು. ಇಷ್ಟೇನಾ ಇವನು? ಐಮಂಗಲಕ್ಕೆ ಹೂಂ ಅಂದುಬಿಡುವುದೇ ವಾಸಿ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಅಳುವೂ ಬಂತು.

ಅವನು ಹಬ್ಬಿನೊಳಗಿನ ಉಕ್ಕಿನ ಬಾಲ್ಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಬ್ಬಿನ ಬಟ್ಟಲಿಗೆ ಹೊಸ ಗ್ರೀಸ್ ಮೆತ್ತಿ, ಒಂದೊಂದಾಗಿ ಕೂರಿಸಿದ. ಆಕ್ಸಲ್ ತೂರಿಸಿ ಚಕ್ರವನ್ನು ಅವಳ ಮುಂದೆ ಹಿಡಿದ.

“ಆ ಕಡೆ ಸ್ವಲ್ಪ ಹಿಡ್ಕಳ್ರಿ.”

ಅವಳು ಸ್ಟೂಲಿನ ಮೇಲೆ ಕೂತು ಆಕ್ಸಲ್ಲಿನ ತುದಿ ಹಿಡಿದಳು. ಅವನು ಕೋನನ್ನು ಬೆರಳಲ್ಲೇ ತಿರುಗಿಸಿ, ತಾಗಿದ ಕೂಡಲೇ ಒಂಚೂರು ಹಿಂದಕ್ಕೆ ಬಿಟ್ಟ. “ಬಿಗಿಯಾದ್ರೆ ತಿರುಗಲ್ಲ, ಸಡ್ಲಾದ್ರೆ ಅಲ್ಲಾಡ್ತೈತೆ.”

“ಇಷ್ಟು ಗೊತ್ತಿದ್ದೋರು ಅವತ್ತು ಯಾಕೆ ಹಂಗೆ ಮಾಡಿದ್ರಿ?”

ಅವನು ತಲೆ ಎತ್ತದೆ ಕೋನ್ ತಿರುಗಿಸುತ್ತಲೇ ಇದ್ದ. ಅಷ್ಟರಲ್ಲಿ ಸ್ಟೂಲಿನ ಕೆಳಗಿನಿಂದ ಒಂದು ವಾಸನೆ ಬಂತು. ಹರಳೆಣ್ಣೆ, ಸುಟ್ಟ ಹುಲ್ಲಿನ ಬೂದಿ. ಇದು ಅಂಗಡಿಯ ವಾಸನೆಯಲ್ಲ, ಅವಳ ಮನೆಯಂಗಳದ್ದು. ಎತ್ತಿನಗಾಡಿಯ ಚಕ್ರಕ್ಕೆ ಹಚ್ಚುವ ಕೀಲೆಣ್ಣೆ!

ಸರ್ವೀಸ್ ಆದ ಮೇಲೆ, ಮೊನ್ನೆ ಭಾನುವಾರ, ಅಪ್ಪ ಗಾಡಿಗೆ ಕೀಲೆಣ್ಣೆ ಹಾಕಿದ್ದ. ಅವಳು ಬಟ್ಟೆ ಒಗೆದು ಬರುವಷ್ಟರಲ್ಲಿ ಸೈಕಲ್ ಪಕ್ಕದಲ್ಲಿ ಪಂಪ್‌ಸೆಟ್ಟಿನ ಸ್ಪ್ಯಾನರ್ ಬಿದ್ದಿತ್ತು. “ನಿನ್ನ ಗಾಡಿಗೂ ಆತು ಕಣವ್ವ” ಎಂದು ಅಪ್ಪ ಮೀಸೆಯಲ್ಲೇ ನಕ್ಕಿದ್ದ. ಸೈಕಲ್ ಒರೆಸಿರಬೇಕು ಎಂದುಕೊಂಡಿದ್ದಳು. ಮಗಳು ಬೀಳದಿರಲಿ ಎಂದು ಅಪ್ಪ ಹಬ್ಬಿಗೂ ಆ ಬೂದಿಯ ಕೀಲೆಣ್ಣೆ ತುಂಬಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಬಿಗಿದಿದ್ದ.

ಅವಳು ಬಗ್ಗಿ ಬಟ್ಟೆ ಎಳೆದಳು. ಕರ್ರಗಿನ ಅಂಟು ಕೈಗೆ ಹತ್ತಿತು.

“ಇದು ನಮ್ಮಪ್ಪನ ಕೆಲಸ. ನೀವ್ಯಾಕೆ ಸುಳ್ಳು ಹೇಳಿದ್ರಿ?”

ಹಾಲಸ್ವಾಮಿ ಸಿಕ್ಕಿಬಿದ್ದ. ಸ್ಪ್ಯಾನರನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ.

“ಇವತ್ತು ಅವರ ಮೇಲೆ ತಪ್ಪು ಹೊರಿಸಿ, ನಾಳೆ ಯಾವ ಮುಖ ಇಟ್ಕಂಡು ನಿಮ್ಮನ್ನ ಕೊಡ್ರಿ ಅಂತ ಕೇಳೋಕೆ ಬರ್ಲಿ?”

ಮಲ್ಲಕ್ಕ ಬಟ್ಟೆಯನ್ನು ಮಡಿಸಿ ಮತ್ತೆ ಸ್ಟೂಲಿನ ಕೆಳಗಿಟ್ಟಳು. ಅವನು ಚಕ್ರವನ್ನು ಫೋರ್ಕಿಗೆ ಸೇರಿಸಿ, ಎತ್ತಿ ಮೆಲ್ಲಗೆ ಬಿಟ್ಟ. ಅದು ತಿರುಗಿ, ಹಿಂದಕ್ಕೆ ತೂಗಿ, ವಾಲ್ವಿನ ಭಾರಕ್ಕೆ ತಾನಾಗಿಯೇ ಕೆಳಗೆ ಬಂದು ನಿಂತಿತು. ಸರಿಯಾಗಿ ಕೂತಿದೆ ಎಂಬುದಕ್ಕೆ ಅದೇ ಗುರುತು. ಇಬ್ಬರೂ ಆ ವಾಲ್ವನ್ನೇ ನೋಡುತ್ತ ನಿಂತರು. ಮುಖ ನೋಡಿಕೊಳ್ಳಲು ನಾಚಿಕೆ.

“ಸೋಮವಾರ ಬರ್ರಿ,” ಎಂದಳು ಕೊನೆಗೆ. “ಗಾಡಿಗೆ ಕೀಲೆಣ್ಣೆ ಹೆಂಗೆ ಹಾಕ್ಬೇಕು ಅಂತ ಅಪ್ಪನ್ನ ಕೇಳ್ರಿ. ಖುಷಿಯಾಗಿ ಹೇಳ್ತಾರೆ. ಸೈಕಲ್ ಹಬ್ಬಿನ ಸುದ್ದಿ ಮಾತ್ರ ಎತ್ತಬ್ಯಾಡ್ರಿ.”

ಸಂಜೆ ಅಪ್ಪ ಅಂಗಳದಲ್ಲಿ ಕಂಬಳಿ ಹಾಸಿ ಕೂತಿದ್ದ.

“ಸೈಕಲ್ ಹೆಂಗೆ ಓಡ್ತೈತವ್ವ?”

“ಬೆಣ್ಣೆ ಹಂಗೆ ಓಡ್ತೈತಪ್ಪ.”

“ನೋಡ್ದಾ ಮತ್ತೆ!” ಎಂದು ಅಪ್ಪ ಮೀಸೆ ತೀಡಿದ.

ಮಲ್ಲಕ್ಕ ಅವನ ಪಕ್ಕದಲ್ಲಿ ಕೂತಳು. “ಐಮಂಗಲದೋರಿಗೆ ಬ್ಯಾಡ ಅಂತ ಹೇಳ್ಬಿಡಪ್ಪ. ಸೋಮವಾರ ಮನೇಲಿರು. ನಿನ್ನ ಮಾನ ಕಾಯೋರು ಒಬ್ರು ಬರ್ತಾರೆ.”